ಭಾನುವಾರದ ಹರಾಜು

ಸೆಪ್ಟೆಂಬರ್ 11, ಸೋಮವಾರ

ಸಿಟ್ಟು ಬಂದಾಗ ಕೂಗಾಡಬೇಡಿ, ಬರೆದಿಡಿ, ರಕ್ತದೊತ್ತಡ ಇಳಿಯುತ್ತದೆ ಎಂದು ಡಾಕ್ಟರಮ್ಮ ಹೇಳಿದಳು. ಸರಿ, ಬರೆಯುತ್ತೇನೆ. ಹೆಲ್ವಿಂಡ್ ಕಂಪನಿ ಹಾಳಾಗಿ ಹೋಗಲಿ. ವರ್ಬಾನಿ ಊರು ಅದರ ಹಿಂದೆಯೇ ಹೋಗಲಿ. ಬರೆದಾಯಿತು. ಏನೂ ಇಳಿದಂತೆ ಕಾಣುವುದಿಲ್ಲ.

ಐದು ವರ್ಷದ ಹಿಂದೆ ಇದೇ ಹೆಲ್ವಿಂಡ್, ಕಾರುಗಳಿಗೆ ವೈರು ಹೆಣೆಯುವ ಕಾರ್ಖಾನೆ, ನಮ್ಮ ಲಿಪೋವಿತ್ಸಾಕ್ಕೇ ಬರುವುದಿತ್ತು. ಮುಚ್ಚಿಹೋದ ಬಟ್ಟೆ ಗಿರಣಿಯ ನೇಯ್ಗೆ ಶೆಡ್ಡನ್ನು ಗುಡಿಸಿ, ಸುಣ್ಣ ಹೊಡೆಸಿ, ಕಿಟಕಿಗಳಿಗೆ ಗಾಜು ಹಾಕಿಸಿ ಕಾದೆವು. ಹೆಂಗಸರು ಕೂದಲಿಗೆ ಬಣ್ಣ ಹಚ್ಚಿಸಿಕೊಂಡು ಸಂದರ್ಶನಕ್ಕೆ ಸಾಲಾಗಿ ನಿಂತಿದ್ದರು. ಅಷ್ಟರಲ್ಲಿ ಗಡಿಯಾಚೆ ಮ್ಯಾಸಿಡೋನಿಯದವರು ಐದು ವರ್ಷ ತೆರಿಗೆಯೇ ಬೇಡ ಎಂದು ಕಂಪನಿಯ ಕಿವಿ ಕಚ್ಚಿದರು. ಕಾರ್ಖಾನೆ ಅರ್ಧ ಗಂಟೆ ದಾರಿಯ ವರ್ಬಾನಿಗೆ ಹಾರಿಹೋಯಿತು. ಬಣ್ಣ ಹಚ್ಚಿಸಿಕೊಂಡ ಹೆಂಗಸರಿಗೆ ವಿಷಯ ತಿಳಿಸಿದವಳು ನಾನು. ಆ ಶೆಡ್ಡಿನಲ್ಲಿ ಹದಿನೆಂಟು ವರ್ಷ ಅವರ ಪಾಳಿ ನೋಡಿಕೊಂಡವಳು ನಾನೇ ಅಲ್ಲವೇ, ಒಬ್ಬೊಬ್ಬಳ ಹೆಸರೂ ಗೊತ್ತು, ಯಾರ ಬೆನ್ನು ನೋಯುತ್ತದೆ ಎನ್ನುವುದೂ ಗೊತ್ತು. ಈಗ ಅವರಲ್ಲಿ ಕೆಲವರು ಬೇಸಿಗೆಯಲ್ಲಿ ರಾಸ್ಪ್‌ಬೆರಿ ಕೀಳುತ್ತಾರೆ, ಕೆಲವರು ವಿಯೆನ್ನಾದಲ್ಲಿ ಯಾರದೋ ಅಜ್ಜಿಯನ್ನು ಎತ್ತಿ ಕೂರಿಸುತ್ತಾರೆ.

ಇವತ್ತು ನಮ್ಮ ಪುರಸಭೆಯ ಅಧ್ಯಕ್ಷ ಮಿಲಾದಿನ್ ನನ್ನನ್ನು ಕೋಣೆಗೆ ಕರೆಸಿದರು. ಊರಿನ ಉದ್ಯಮ ಕಚೇರಿಗೆ ನಾನೇ ಮುಖ್ಯಸ್ಥೆ, ಅಂದರೆ ಒಂದು ಮೇಜು, ಒಂದು ಫೋನು.

"ಸ್ತೊಯಾಂಕಾ, ಹೆಲ್ವಿಂಡ್‌ನವರ ತೆರಿಗೆ ರಿಯಾಯಿತಿ ಅಲ್ಲಿ ಮುಗೀತಾ ಬಂತು. ಹೊಸ ಜಾಗ ಹುಡುಕ್ತಿದ್ದಾರೆ. ಈ ಸಲ ಬಿಡಬಾರ್ದು."

"ಅಧ್ಯಕ್ಷರೇ, ಬೀದಿ ಬೀದಿ ಮೂಸ್ಕೊಂಡು ಹೋಗೋ ಕಂಪನಿ ಅದು. ಇವತ್ತು ನಮ್ಮ ಬಾಗಿಲು, ನಾಳೆ ಇನ್ನೊಬ್ಬರದು."

"ಮೂಸ್ಲಿ ಬಿಡಮ್ಮ, ನಮ್ಮ ಬಾಗಿಲಲ್ಲಿ ಒಂದು ಹತ್ತು ವರ್ಷ ಮೂಸ್ಲಿ."

ಕಂಪನಿ ಕಳಿಸಿದ ಕಾಗದ ಕೊಟ್ಟರು. 'ಹೊಂದಿಕೊಳ್ಳುವ ಕೆಲಸಗಾರರು' ಬೇಕಂತೆ. ಹೊಂದಿಕೊಳ್ಳಲು ಅವರೇನು ರಬ್ಬರಿನ ಚಪ್ಪಲಿಯೇ ಎಂದು ಕೇಳಿದೆ. ಮಿಲಾದಿನ್ ನಗಲಿಲ್ಲ.

ಸೆಪ್ಟೆಂಬರ್ 27, ಬುಧವಾರ

ಹೆದ್ದಾರಿಯಲ್ಲಿ, ಗಡಿ ಠಾಣೆಗಿಂತ ಸ್ವಲ್ಪ ಈಚೆಗೇ, ನಮ್ಮ ನೆಲದಲ್ಲೇ, ಆಚೆಯವರು ಬೋರ್ಡು ನಿಲ್ಲಿಸಿದ್ದಾರೆ. ನಗುವ ಹುಡುಗಿಯ ಚಿತ್ರ. ಕೆಳಗೆ: 'ಕುಶಲ ಕೈಗಳು, ಕಡಿಮೆ ಖರ್ಚು, ಮುಷ್ಕರವಿಲ್ಲ.' ನೋಡಿ ಮೈ ಉರಿದುಹೋಯಿತು. ಹೆಂಗಸರ ಕೈಯನ್ನು ಸಂತೆಯ ಟೊಮೆಟೊ ಹಾಗೆ ಕೂಗಿ ಮಾರುತ್ತಾರಲ್ಲ, ಇವರಿಗೆ ಅಕ್ಕತಂಗಿಯರಿಲ್ಲವೇ?

ಅಂಗಳದಲ್ಲಿ ಕೂತು ಐವಾರ್ ಚಟ್ನಿಗೆ ದಪ್ಪ ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆಯುತ್ತಿದ್ದಾಗ ವರ್ಬಾನಿಯಿಂದ ಬ್ಲಗೋಯನ ಫೋನು ಬಂತು.

"ಕುಮೋ, ಹೊಗೆ ಇಲ್ಲೀವರ್ಗೂ ಬರ್ತಿದೆ. ಮೆಣಸಿನಕಾಯಿ ಸುಡ್ತಿದ್ದೀಯೋ, ಹೊಟ್ಟೆ ಸುಟ್ಕೋತಿದ್ದೀಯೋ?"

"ಎರಡೂ. ನಿಮ್ಮ ಬೋರ್ಡು ನೋಡಿದೆ. ನಾಚಿಕೆ ಆಗಲ್ವೇನೋ ಕುಮೇ?"

"ಅದು ರಾಜಧಾನಿಯವರು ಹಾಕ್ಸಿದ್ದು, ನಾನಲ್ಲ. ನಿಮ್ಮ ಸರ್ಕಾರದ ಪುಸ್ತಿಕೆ ಓದಿದ್ದೀಯಾ? ಕಂಪನಿಗೆ ತಲೆಗಿಷ್ಟು ಅಂತ ದುಡ್ಡು ಕೊಡ್ತಾರಂತೆ. ಕುರಿ ಎಣಿಸೋದೂ ಹಾಗೇ ಅಲ್ವಾ?"

ಫೋನು ಕುಕ್ಕಿದೆ. ಸಿಟ್ಟು ಬಂದದ್ದು ಅವನು ಹೇಳಿದ್ದು ನಿಜವಾದ್ದರಿಂದ.

ಬ್ಲಗೋಯ ನಮ್ಮ ಕುಮ್, ಅವನಿಗೆ ನಾನು ಕುಮೋ, ನನಗೆ ಅವನು ಕುಮೇ. ನನ್ನ ಮದುವೆಗೆ ಕಿರೀಟ ಹಿಡಿದು ಸಾಕ್ಷಿ ನಿಂತವನು. ಅವನ ಮಗಳು ಎಲಿತ್ಸಾಗೆ ಚರ್ಚಿನಲ್ಲಿ ಸ್ನಾನ ಮಾಡಿಸಿ ಹೆಸರಿಟ್ಟವಳು ನಾನು. ಒಡಹುಟ್ಟಿದವರನ್ನಾದರೂ ಬಿಡಬಹುದು, ಕುಮ್‌ನನ್ನು ಬಿಡುವಂತಿಲ್ಲ. ದೇಶ ಒಂದೇ ಆಗಿದ್ದಾಗ ಗಿರಣಿಯೂ ಒಂದೇ ಇತ್ತು, ನಾವು ನೇಯ್ದದ್ದನ್ನು ವರ್ಬಾನಿಯಲ್ಲಿ ಹೊಲಿಯುತ್ತಿದ್ದರು. ಈಗ ಅವನು ಅವರ ಪುರಸಭೆಗೆ ಇದೇ ಉದ್ಯಮದ ಕೆಲಸ ನೋಡುತ್ತಾನೆ, ನಾನು ನಮ್ಮ ಪುರಸಭೆಗೆ. ಎಲಿತ್ಸಾ ಹೆಲ್ವಿಂಡ್‌ನಲ್ಲೇ ವೈರು ಕಟ್ಟುತ್ತಾಳೆ. ಸಂಬಳ ಅಷ್ಟಕ್ಕಷ್ಟೆ, ಊಟಕ್ಕೆ ಅರ್ಧ ಗಂಟೆ ಇದೆ, ಭಾನುವಾರ ರಜೆ ಇದೆ, ನಡೆಯುತ್ತೆ ಕುಮೋ ಎಂದಿದ್ದಳು ಬೇಸಿಗೆಯಲ್ಲಿ.

ಅಕ್ಟೋಬರ್ 20, ಶುಕ್ರವಾರ

ಮಿಲಾದಿನ್‌ಗೆ ತಲೆ ಕೆಟ್ಟಿದೆ. ಹೆಲ್ವಿಂಡ್‌ನ ನಿರ್ದೇಶಕ ಹೋಲ್ಟ್ಸರ್ ಆಸ್ಟ್ರಿಯದವನು, ಐದು ವರ್ಷ ಇಲ್ಲೇ ಸುತ್ತಾಡಿ ನಮ್ಮ ಭಾಷೆಯನ್ನೂ ಕಲಿತಿದ್ದಾನೆ, ಹಳ್ಳಿಯ ಪದ್ಧತಿ ಎಂದರೆ ಪ್ರಾಣವಂತೆ. "ನಿಮ್ಮ ಮನೆ ಸ್ಲಾವ ನವೆಂಬರ್ ಹದಿನಾರಕ್ಕಲ್ವಾ? ಅವ್ರನ್ನ ಕರ್ಕೊಂಡ್ ಬರ್ತೀನಿ" ಎಂದರು.

"ಸ್ಲಾವ ಅಂದ್ರೆ ಕ್ಯಾಂಟೀನ್ ಅಲ್ಲ ಅಧ್ಯಕ್ಷರೇ" ಎಂದೆ. ನನ್ನ ದನಿಗೆ ಪಕ್ಕದ ಕೋಣೆಯ ಟೈಪು ನಿಂತಿತು.

ಮನೆಸಂತನ ದಿನ ಅದು. ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಕಳಿಸುವುದೂ ಇಲ್ಲ. ಬಾಗಿಲು ತೆರೆದಿರುತ್ತದೆ. ಬಂದವರು ಬೇಯಿಸಿದ ಗೋಧಿ ಒಂದು ಚಮಚ ಬಾಯಿಗಿಟ್ಟು ಕೂರುತ್ತಾರೆ, ಮನೆಯವರು ಇಡೀ ದಿನ ನಿಂತೇ ಬಡಿಸುತ್ತಾರೆ. ಕಮ್ಯುನಿಸ್ಟರ ಕಾಲದಲ್ಲಿ ಪರದೆ ಎಳೆದು ಮಾಡಿದ್ದೇವೆ, ಯುದ್ಧದ ವರ್ಷ ಸಕ್ಕರೆಯಿಲ್ಲದೆ ಮಾಡಿದ್ದೇವೆ. ಅದನ್ನು ಈಗ ವ್ಯಾಪಾರಕ್ಕೆ ಹಾಸುಗಂಬಳಿ ಮಾಡಬೇಕಂತೆ. ಆಗುವುದಿಲ್ಲ ಎಂದು ಬಾಗಿಲು ಬಡಿದು ಬಂದೆ.

ಸಂಜೆ ಮಿಲಾದಿನ್ ಮನೆಗೇ ಬಂದರು. ಹೆಲ್ವಿಂಡ್‌ಗೆ ಐನೂರು ಹೆಂಗಸರು ಬೇಕಂತೆ. ಹೆಸರುಗಳನ್ನು ಹೇಳುತ್ತಾ ಹೋದರು, ಎಲ್ಲಾ ನನ್ನ ಶೆಡ್ಡಿನವರೇ. ಕರೆಯುವುದಿಲ್ಲ, ತಾವಾಗಿ ಬಂದರೆ ಕಳಿಸುವುದೂ ಇಲ್ಲ ಎಂದು ಹೇಳಿ ಕಳಿಸಿದೆ. ಪದ್ಧತಿಗೂ ಅಡ್ಡಿಯಿಲ್ಲ.

ನನ್ನ ಗಂಡ ತಿಹೊಮಿರ್ ಬಾಟಲಿಗೆ ಪ್ಲಮ್ಮಿನ ಸಾರಾಯಿ ತುಂಬುತ್ತಾ ಕೂತಿದ್ದ. ತಲೆಯೆತ್ತದೆ ಹೇಳಿದ: "ಸಂತನಿಗೂ ಒಂದು ಕುರ್ಚಿ ಹಾಕು. ಕೈಗೊಂದು ಪುಸ್ತಿಕೆ ಕೊಡು."

ಇವನಿಗೇನು ಗೊತ್ತು, ಪಿಂಚಣಿ ಬರುತ್ತದೆ.

ನವೆಂಬರ್ 17, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ. ದಣಿವಿನಿಂದ ಅಲ್ಲ.

ಮಧ್ಯಾಹ್ನಕ್ಕೇ ಬ್ಲಗೋಯ ಬಂದ. ಬಂದೇ ಬರುತ್ತಾನೆ, ಮೂವತ್ತು ವರ್ಷದಲ್ಲಿ ಒಂದು ಸ್ಲಾವ ತಪ್ಪಿಸಿಲ್ಲ. ತಿಹೊಮಿರ್‌ನ ಕೆನ್ನೆಗೆ ಮೂರು ಮುತ್ತಿಟ್ಟು, ಶಿಲುಬೆ ಗುರುತು ಮಾಡಿ ಗೋಧಿ ತಿಂದು, ನೇರ ಅಡುಗೆಮನೆಗೆ ನನ್ನ ಹಿಂದೆಯೇ ಬಂದ.

"ಕುಮೋ, ಐದು ನಿಮಿಷ ಸಿಟ್ಟನ್ನ ಒಲೆ ಪಕ್ಕ ಇಡು. ಈ ಹೋಲ್ಟ್ಸರ್ ನನ್ ಹತ್ರ ಬಂದು ನಿನ್ ಹೆಸರು ಹೇಳ್ತಾನೆ, ನಿನ್ ಹತ್ರ ಬಂದು ನನ್ ಹೆಸರು ಹೇಳ್ತಾನೆ. ನಾವಿಬ್ರೂ ಮೆಟ್ಟಿಲು ಇಳೀತಾನೇ ಹೋಗ್ತೀವಿ."

"ಇಳಿಯೋಕೆ ಶುರು ಮಾಡಿದ್ದು ನೀವು."

"ನಾವೇ. ಬೈಯಿ. ಬೈದಾಯ್ತಾ? ಈಗ ಕೇಳು. ಜಾಗ ಕೊಡು, ರಸ್ತೆ ಹಾಕ್ಕೊಡು, ತೆರಿಗೆ ಬಿಡು, ಅದು ನಿಮ್ಮ ಸರ್ಕಾರದ ಹಣೇಬರಹ. ಎರಡು ಮಾತ್ರ ನೀನೂ ಮುಟ್ಬೇಡ, ನಾನೂ ಮುಟ್ಟಲ್ಲ. ಊಟದ ಅರ್ಧ ಗಂಟೆ. ಭಾನುವಾರ. ಕಾರ್ಖಾನೆ ನಿಮ್ಮಲ್ಲಿಗೆ ಬರ್ಲಿ, ನಮ್ಮಲ್ಲೇ ಇರ್ಲಿ, ಅವೆರಡು ಹೆಂಗಸ್ರದ್ದು."

"ಕಾರ್ಖಾನೆ ಹೋದ್ರೂ?"

"ಹೋದ್ರೂ. ಎಲಿತ್ಸಾ ಕೆಲಸ ಹೋದ್ರೂ."

ನನ್ನ ಕಣ್ಣು ಒದ್ದೆಯಾಯಿತು, ಸುಳ್ಳೇಕೆ. ಇಷ್ಟು ನೇರವಾಗಿ ಮಾತಾಡಿದವನು ಇಡೀ ವರ್ಷದಲ್ಲಿ ಇವನೊಬ್ಬನೇ. ಎಲೆಕೋಸಿನ ಸರ್ಮ ಬಡಿಸುತ್ತಿದ್ದ ಎಣ್ಣೆಗೈಯನ್ನೇ ಚಾಚಿದೆ. ಅವನು ಹಿಡಿದು ಕುಲುಕಿದ. ಸ್ಲಾವದ ದಿನ, ಸಂತನ ದೀಪ ಉರಿಯುವಾಗ ಕೊಟ್ಟ ಮಾತು.

ಎರಡು ಗಂಟೆಗೆ ಮಿಲಾದಿನ್ ಜೊತೆ ಹೋಲ್ಟ್ಸರ್ ಬಂದ. ಮೇಜಿನ ಆ ತುದಿಯಲ್ಲಿ ಬ್ಲಗೋಯನನ್ನು ಕಂಡು ಕೈತಟ್ಟಿದ.

"ಓಹೋ! ಇಬ್ಬರೂ ಒಂದೇ ಮೇಜಿನಲ್ಲಿ. ನಿಮ್ಮ ಪದ್ಧತಿ ಬಹಳ ಸುಂದರವಾಗಿದೆ."

ನಾನು ಬ್ಲಗೋಯನನ್ನು ಎಬ್ಬಿಸುವಂತಿಲ್ಲ. ಸಾರು ಮುಗಿಯುವ ಮೊದಲು ಅವನು ಎದ್ದು ಹೋಗುವಂತಿಲ್ಲ, ಮನೆಗೆ ಅವಮಾನ. ಮಿಲಾದಿನ್ ಬೆವರುತ್ತಿದ್ದರು. ಹೋಲ್ಟ್ಸರ್ ಮಾತ್ರ ಹಂದಿಮಾಂಸವನ್ನು ಹೊಗಳುತ್ತಾ, ಬಾಯಿ ಒರೆಸಿಕೊಳ್ಳುತ್ತಾ, ಹವಾಮಾನದ ಮಾತಾಡುವ ಹಾಗೆ ಹೇಳಿದ:

"ಕಳೆದ ವಾರ ವರ್ಬಾನಿಯಲ್ಲಿ ಭಾನುವಾರದ ಪಾಳಿಯ ಪ್ರಸ್ತಾಪ ಬಂತು. ಯೋಚಿಸಿ ನೋಡುತ್ತೇವೆ ಎಂದರು. ಅಲ್ಲವೇ, ಬ್ಲಗೋಯ ಅವರೇ?"

ನನ್ನ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. ಅಡುಗೆಮನೆಯಲ್ಲಿ ಕೈ ಕುಲುಕಿ ಎರಡು ಗಂಟೆಯೂ ಆಗಿರಲಿಲ್ಲ.

"ನಿಮ್ಮನ್ನ ಬಾಗಿಲಿಂದ ಕಳಿಸೋಕೆ ಹಾಗಂದೆ ಸ್ವಾಮಿ" ಎಂದ ಬ್ಲಗೋಯ. ನನ್ನ ಕಡೆ ತಿರುಗಿ, "ಕುಮೋ, ಅಷ್ಟೇ ನಡೆದಿದ್ದು" ಎಂದ.

ಅಷ್ಟೇ! ಐದು ವರ್ಷದ ಹಿಂದೆಯೂ ಅಷ್ಟೇ ನಡೆದಿದ್ದು. ನನ್ನ ಕೈ ಕಟ್ಟಿಹಾಕಲು ಅಡುಗೆಮನೆಯಲ್ಲಿ ಬೆಣ್ಣೆಯ ಮಾತು, ಹಿಂದಿನಿಂದ ಭಾನುವಾರದ ವ್ಯಾಪಾರ. ಬಟ್ಟಲನ್ನು ಇಟ್ಟು, ಕುರ್ಚಿ ಎಳೆದು, ಹೋಲ್ಟ್ಸರ್ ಎದುರಿಗೆ ಕೂತೆ.

"ನಾವು ಯೋಚಿಸಲ್ಲ, ಕೊಡ್ತೀವಿ" ಎಂದೆ. "ತಿಂಗಳಿಗೆ ಎರಡು ಭಾನುವಾರ."

"ಕುಮೋ" ಎಂದ ಬ್ಲಗೋಯ.

"ಊಟದ ವಿರಾಮ?" ಹೋಲ್ಟ್ಸರ್ ಕೇಳಿದ, ಅವನತ್ತ ನೋಡದೆ.

"ಹದಿನೈದು ನಿಮಿಷ ಸಾಕು. ಉಳಿದದ್ದು ಸಿಗರೇಟಿಗೆ ಹೋಗುತ್ತೆ, ನಾನು ಪಾಳಿ ನೋಡ್ಕೊಂಡವಳು."

ಹೋಲ್ಟ್ಸರ್ ಬ್ಲಗೋಯನ ಕಡೆ ತಿರುಗಿ ಕಾದ. ಬ್ಲಗೋಯ ಗೋಧಿಯ ತಟ್ಟೆ ನೋಡುತ್ತಿದ್ದ. "ನಮ್ಮದು ಏನೂ ಇಲ್ಲ" ಎಂದ.

"ಹಾಗಾದರೆ ಎಲ್ಲಾ ಭಾನುವಾರವೂ ಆದರೆ ನಮಗೆ ಲೆಕ್ಕ ಸುಲಭ" ಎಂದ ಹೋಲ್ಟ್ಸರ್ ನನಗೆ. ಅದಕ್ಕೂ ಆಗಲಿ ಎಂದೆ. ಎದುರಾಳಿ ಬಾಯಿ ಮುಚ್ಚಿದ ಮೇಲೂ ನಾನೇ ಇಳಿಯಬೇಕಾಯಿತು ಎನ್ನುವುದು ಆಗ ತಲೆಗೆ ಹೋಗಲಿಲ್ಲ. ಹೋಗಿದ್ದರೂ ಒಪ್ಪುತ್ತಿದ್ದೆ, ಅಷ್ಟು ಉರಿ ಇತ್ತು.

ಬ್ಲಗೋಯ ಸಾರು ಪೂರ್ತಿ ಕುಡಿದ. ಗ್ಲಾಸಿನ ವೈನನ್ನೂ ಮುಗಿಸಿದ. ಎದ್ದು, ಸಂತನ ಚಿತ್ರಕ್ಕೆ ನಮಿಸಿ, "ಈ ಮನೆ ತಣ್ಣಗಿರ್ಲಿ" ಎಂದು ಹೇಳಿ ಹೋದ. ತಿಹೊಮಿರ್ ಗೇಟಿನವರೆಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದವನು ಒಂದೇ ಮಾತು ಕೇಳಿದ.

"ಕೂತುಬಿಟ್ಟೆಯಾ?"

ಹೌದು, ಕೂತೆ. ಕಾಲು ನೋಯುತ್ತಿತ್ತು. ಯೋಚಿಸುತ್ತೇವೆ ಎಂದವನು ಬ್ಲಗೋಯ, ನಾನಲ್ಲ. ತಪ್ಪು ಮಾಡಿದವನು ತಣ್ಣಗೆ ಮನೆಗೆ ಹೋದ, ನಾನು ಇಲ್ಲಿ ಉರಿಯುತ್ತಾ ಕೂತಿದ್ದೇನೆ.

ಡಿಸೆಂಬರ್ 6, ಬುಧವಾರ

ಸಹಿ ಆಯಿತು. ಗೆದ್ದೆವು!

ಫೋಟೋದಲ್ಲಿ ನನ್ನನ್ನು ಮಿಲಾದಿನ್ ಪಕ್ಕದಲ್ಲೇ ನಿಲ್ಲಿಸಿದರು. ಭಾನುವಾರದ ವಿಷಯಕ್ಕೆ ಕಾನೂನಿನ ತೊಡಕಿತ್ತು. ಅದಕ್ಕೆ ನಾನೇ ದಾರಿ ಹುಡುಕಿದೆ: ಕೆಲಸಕ್ಕೆ ಸೇರುವಾಗಲೇ ಪ್ರತಿಯೊಬ್ಬಳೂ 'ಸ್ವಇಚ್ಛೆಯಿಂದ' ಎಂದು ಒಪ್ಪಿಗೆ ಬರೆದುಕೊಡುವುದು. ವಕೀಲರೇ ಬೆರಗಾದರು. ನಾನು ಗಿರಣಿಯವಳು ಎಂದು ಮೂಗು ಮುರಿಯುತ್ತಿದ್ದವರು ಈಗ ನೋಡಲಿ.

ಬ್ಲಗೋಯ ಅಭಿನಂದನೆಗೂ ಫೋನು ಮಾಡಲಿಲ್ಲ. ಹೊಟ್ಟೆಕಿಚ್ಚು.

ಡಿಸೆಂಬರ್ 29, ಶುಕ್ರವಾರ

ಹೆದ್ದಾರಿಯಲ್ಲಿ ನಮ್ಮದೂ ಒಂದು ಬೋರ್ಡು ನಿಲ್ಲಿಸಿದೆವು. ಅವರದಕ್ಕಿಂತ ದೊಡ್ಡದು. 'ಹೊಂದಿಕೊಳ್ಳುವ ಕೈಗಳು, ವಾರದ ಏಳೂ ದಿನ.' ಚೆನ್ನಾಗಿ ಬಂದಿದೆ, ರಾತ್ರಿ ದೀಪವೂ ಹೊತ್ತಿಕೊಳ್ಳುತ್ತದೆ.

ಜನವರಿ 23, ಮಂಗಳವಾರ

ಇಡೀ ವಾರ ವರ್ಬಾನಿಯಿಂದ ಲಾರಿಗಳು ಬಂದವು. ಮೇಜು, ಹಲಗೆ, ವೈರಿನ ಉರುಳೆ. ನನ್ನ ಹಳೆಯ ನೇಯ್ಗೆ ಶೆಡ್ಡು ತುಂಬಿತು. ನಿಂತು ನೋಡುತ್ತಾ ಅತ್ತುಬಿಟ್ಟೆ. ಆ ಸಂತೋಷವನ್ನೂ ಕೆಡಿಸಲು ಜನ ಸಾಲುಗಟ್ಟಿ ಬಂದರು.

ಮೊದಲು ಪಾದ್ರಿ. ಭಾನುವಾರ ಚರ್ಚಿಗೆ ಯಾರು ಬರಬೇಕು ಸ್ತೊಯಾಂಕಾ ಎಂದು. ಸಂಜೆ ಪ್ರಾರ್ಥನೆ ಇಟ್ಟುಕೊಳ್ಳಿ ಪಾದ್ರಿಗಳೇ, ನೀವೂ ಸ್ವಲ್ಪ ಹೊಂದಿಕೊಳ್ಳಿ ಎಂದೆ. ಆಮೇಲೆ ನಮ್ಮ ಹೆಂಗಸರೇ, ಐದಾರು ತಲೆ, ಕಚೇರಿಗೆ ನುಗ್ಗಿ ಹದಿನೈದು ನಿಮಿಷದಲ್ಲಿ ಶೌಚಾಲಯದ ಸಾಲೇ ಮುಗಿಯುವುದಿಲ್ಲ, ಉಣ್ಣುವುದು ಯಾವಾಗ ಎಂದು ಗೊಣಗಿದರು. ತರಬೇತಿ ಇನ್ನೂ ಮೂರನೇ ದಿನ! ಕೆಲಸ ಇಲ್ಲದಾಗ ಅಳುತ್ತಾರೆ, ಕೊಟ್ಟರೆ ಗೊಣಗುತ್ತಾರೆ. ರಾಸ್ಪ್‌ಬೆರಿ ತೋಟದಲ್ಲಿ ನಿಮಗೆ ಯಾರು ಗಂಟೆ ಬಾರಿಸಿ ಊಟ ಬಡಿಸುತ್ತಿದ್ದರು ಎಂದು ಕೇಳಿದೆ. ಬಾಯಿಗೆ ಬೀಗ ಬಿತ್ತು.

ರಾತ್ರಿ ಊಟಕ್ಕೆ ಕೂತಾಗ ತಿಹೊಮಿರ್ ಹೇಳಿದ, "ಎಲಿತ್ಸಾಳ ಕೆಲಸ ಹೋಯ್ತು."

"ಇಲ್ಲಿ ಅರ್ಜಿ ಹಾಕ್ಲಿ. ಈಗ ಆಚೆಯವರೂ ಇಲ್ಲಿ ಬಂದು ಕೆಲಸ ಮಾಡ್ಬಹುದು."

"ಹಾಕಿದ್ದಾಳೆ. ನಿನ್ನ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿದ್ದಾಳೆ. ಸ್ವಇಚ್ಛೆಯಿಂದ."

ಅವನು ಆ ಪದವನ್ನು ಹೇಳಿದ ರೀತಿಗೆ ತಟ್ಟೆ ಎತ್ತಿ ಎಸೆಯಬೇಕೆನಿಸಿತು. ಅಲ್ಲ, ಹುಡುಗಿಗೆ ಕೆಲಸ ಸಿಕ್ಕಿದ್ದು ಯಾರಿಂದ?

ಫೆಬ್ರವರಿ 22, ಗುರುವಾರ

ಉದ್ಘಾಟನೆಯ ಊಟದಲ್ಲಿ ಹೋಲ್ಟ್ಸರ್ ನನ್ನ ಪಕ್ಕದಲ್ಲಿ ಕೂತಿದ್ದ. ವೈನು ಕುಡಿದು ಸಲಿಗೆ ಬೆಳೆಸಿದ. "ನಿಮ್ಮ ಬ್ಲಗೋಯ ಬಹಳ ಕಠಿಣ ಮನುಷ್ಯ. ಭಾನುವಾರದ ಬಗ್ಗೆ ಮೂರು ಸಲ ಕೇಳಿದೆ. ಮೂರು ಸಲವೂ ಕಾಫಿ ಕುಡಿಸಿ ಕಳಿಸಿದರು" ಎಂದು ನಕ್ಕ.

ಇವನು ಅದನ್ನು ಆವತ್ತೇ ಸರಿಯಾಗಿ ಹೇಳಬಹುದಿತ್ತು. ಬ್ಲಗೋಯನೂ ಇನ್ನೊಂದು ಮಾತು ಹೆಚ್ಚು ಆಡಬಹುದಿತ್ತು. ಬಾಯಿ ಇರುವುದೇಕೆ? ಹೋಗಲಿ, ಈಗ ಅದನ್ನೆಲ್ಲ ಕೆದಕಿ ಪ್ರಯೋಜನವಿಲ್ಲ. ಮೀನು ಚೆನ್ನಾಗಿತ್ತು.

ಮಾರ್ಚ್ 17, ಭಾನುವಾರ

ಕ್ಷಮೆಯ ಭಾನುವಾರ. ನಾಳೆಯಿಂದ ದೊಡ್ಡ ಉಪವಾಸ. ಕಿರಿಯರು ಹಿರಿಯರ ಬಳಿ, ಮಕ್ಕಳು ಕುಮ್‌ಗಳ ಬಳಿ ಹೋಗಿ ಕ್ಷಮೆ ಕೇಳುವ ದಿನ. ಬರುವುದಿಲ್ಲ ಎಂದುಕೊಂಡಿದ್ದೆ. ಹನ್ನೆರಡಕ್ಕೆ ಬ್ಲಗೋಯನ ಕಾರು ಗೇಟಿಗೆ ಬಂತು. ಎಲಿತ್ಸಾ ಕಿತ್ತಳೆ ಹಣ್ಣು, ಬಿಳಿ ಹಲ್ವ ಹಿಡಿದು ಇಳಿದಳು. ಕಾರ್ಖಾನೆಯ ನೀಲಿ ಅಂಗಿ ಹಾಕಿಕೊಂಡೇ ಬಂದಿದ್ದಳು, ಎರಡು ಗಂಟೆಗೆ ಪಾಳಿ. ಸೊರಗಿದ್ದಾಳೆ.

ಬಾಗಿ ನನ್ನ ಕೈಗೆ ಮುತ್ತಿಟ್ಟಳು. "ತಪ್ಪಾಗಿದ್ರೆ ಕ್ಷಮಿಸಿ ಕುಮೋ."

"ದೇವರು ಕ್ಷಮಿಸ್ಲಿ ಮಗಳೇ, ನಾನೂ ಕ್ಷಮಿಸಿದೆ" ಎಂದೆ. ಮೂರು ಸಲ ಕೇಳಿದಳು, ಮೂರು ಸಲವೂ ತುಂಬು ಮನಸ್ಸಿನಿಂದ ಕ್ಷಮಿಸಿದೆ. ಇಷ್ಟು ತಿಂಗಳು ಮುಖ ತೋರಿಸದವರನ್ನು ನಾನು ಒಂದು ಮಾತೂ ಆಡದೆ ಒಳಗೆ ಕರೆದೆ, ಇದನ್ನು ತಿಹೊಮಿರ್ ಗಮನಿಸಿದನೋ ಇಲ್ಲವೋ.

ಮೊಟ್ಟೆ, ಚೀಸಿನ ರೊಟ್ಟಿ ಬಡಿಸಿದೆ. ನಾನು ಉಪ್ಪಿನ ಡಬ್ಬಿ ತಂದಿಡುವಷ್ಟರಲ್ಲಿ ಎಲಿತ್ಸಾಳ ತಟ್ಟೆ ಖಾಲಿ.

"ನಿಧಾನವಾಗಿ ತಿನ್ನೇ, ಯಾರೂ ಕಿತ್ಕೊಳಲ್ಲ" ಎಂದೆ.

"ಅಭ್ಯಾಸ ಆಗಿಬಿಟ್ಟಿದೆ ಕುಮೋ" ಎಂದಳು. ಬ್ಲಗೋಯ ಆ ಖಾಲಿ ತಟ್ಟೆಯನ್ನೇ ನೋಡುತ್ತಿದ್ದ.

ಆಗ ಮಿಲಾದಿನ್ ಫೋನು ಮಾಡಿದರು. ದನಿ ಬಿದ್ದುಹೋಗಿತ್ತು. ವರ್ಬಾನಿಯವರು ಹೆಲ್ವಿಂಡ್‌ಗೆ ಹೊಸ ಪತ್ರ ಕೊಟ್ಟಿದ್ದಾರೆ: ಖಾಲಿ ಕಟ್ಟಡ ಬಾಡಿಗೆಯಿಲ್ಲದೆ, ಭಾನುವಾರಗಳೆಲ್ಲ, ರಾತ್ರಿ ಪಾಳಿಗೆ ಹೆಚ್ಚುವರಿ ಇಲ್ಲ, ಊಟಕ್ಕೆ ಹತ್ತು ನಿಮಿಷ. ಹೋಲ್ಟ್ಸರ್‌ಗೆ ನಾಳೆಯೇ ನಮ್ಮ ಉತ್ತರ ಬೇಕಂತೆ. ಬಾಗಿಲು ತೆರೆದು ಒಂದು ತಿಂಗಳೂ ಆಗಿಲ್ಲ!

ಫೋನು ಇಟ್ಟು ತಿರುಗಿದೆ. "ಯಾವ ಅಯೋಗ್ಯ ಬರ್ದಿದ್ದು ಆ ಪತ್ರ?"

"ನಾನು" ಎಂದ ಬ್ಲಗೋಯ. "ಬುಧವಾರ ಕೊಟ್ಟೆ."

"ನೀನಾ? ನನ್ನ ಮನೇಲಿ, ನನ್ನ ಒಲೆ ಪಕ್ಕ ನಿಂತು ಭಾನುವಾರ ಹೆಂಗಸ್ರದ್ದು ಅಂದವನು ನೀನಾ?"

"ಅವಳು ದಿನಾ ಗಡಿಯಲ್ಲಿ ಬಸ್ಸಲ್ಲಿ ಕಾದು ಸಾಯ್ತಾಳೆ ಕುಮೋ. ಭಾನುವಾರ ಹೇಗೂ ಹೋಯ್ತು. ಹೋಗೋ ಕೆಲಸ ಮನೆ ಹತ್ರನಾದ್ರೂ ಇರ್ಲಿ ಅಂದ್ಕೊಂಡೆ." ಮೇಜು ಗುದ್ದಿದ, ಲೋಟ ಉರುಳಿತು. "ಮಾತಿಗೆ ನಿಂತು ನಾನು ಏನ್ ಗಳಿಸ್ದೆ ಹೇಳು! ಊರಿನ ಹೆಂಗಸ್ರು ನನ್ನ ಕಂಡ್ರೆ ಉಗೀತಾರೆ. ಪಕ್ಕದ ಸ್ತೊಯಾಂಕಾನ್ನ ನೋಡಿ ಕಲಿ ಅಂತಾರೆ. ಕಲ್ತೆ."

"ಐನೂರು ಸಂಸಾರದ ತಲೆ ಮೇಲೆ ಕಲ್ಲು ಹಾಕ್ತಿದ್ದೀಯ!"

"ನೀನು ಹಾಕಿದ್ದು ಹೂವಾ?"

ಇಬ್ಬರೂ ನಿಂತು ಕೂಗಾಡುತ್ತಿದ್ದೆವು. ಎಲಿತ್ಸಾ ಕೋಟು ಹಾಕಿಕೊಂಡಳು.

"ಅಪ್ಪ, ನೀನು ಊಟಕ್ಕೆ ಎಷ್ಟು ಬಿಟ್ಟೆ?"

ಬ್ಲಗೋಯ ಉರುಳಿದ ಲೋಟವನ್ನು ಎತ್ತಿ ನಿಲ್ಲಿಸಿದ. ಹತ್ತು ನಿಮಿಷ ಎಂದು ನಾನೇ ಹೇಳಿದೆ, ತಿಳಿಯಲಿ ಬಿಡು ಅವಳ ಅಪ್ಪನ ಬಂಡವಾಳ ಎಂದು.

"ಇನ್ನೂ ಹತ್ತು ನಿಮಿಷ ಉಳ್ದಿದೆಯಲ್ಲ" ಎಂದಳು. "ಇಬ್ರೂ ಸೇರಿ ಅದನ್ನೂ ಮುಗಿಸಿಬಿಡಿ. ಎಲ್ಲಿ ಅಂತ ಗೊತ್ತಾದ್ಮೇಲೆ ಹೇಳಿ, ಅಲ್ಲಿಗೆ ಹೋಗ್ತೀನಿ."

ಯಾರ ಕೈಗೂ ಮುತ್ತಿಡದೆ ಹೊರಟಳು. ಹಿರಿಯರ ಮುಂದೆ ಆಡುವ ಮಾತೇ ಅದು? ತಿಹೊಮಿರ್ ಟೋಪಿ ಎತ್ತಿಕೊಂಡು ಅವಳನ್ನು ಕಾರ್ಖಾನೆಗೆ ಬಿಡಲು ಹೋದ, ಇನ್ನೂ ಮನೆಗೆ ಬಂದಿಲ್ಲ. ಬ್ಲಗೋಯ ಬಾಗಿಲಲ್ಲಿ ನಿಂತು, "ಕ್ಷಮಿಸು ಕುಮೋ" ಎಂದ. ಇವತ್ತು ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ದೇವರು ಕ್ಷಮಿಸಲಿ ಎಂದೆ. ನಾನೂ ಕ್ಷಮಿಸಿದೆ ಎನ್ನಲಿಲ್ಲ.

ಅಷ್ಟು ಸುಲಭಕ್ಕೆ ನಾನು ನೆಲ ಕಚ್ಚುತ್ತೇನೆಯೇ? ಊಟವನ್ನು ಐದಕ್ಕೆ ಇಳಿಸಿದರೆ ನಾಳೆ ಅವನು ಮೂರಕ್ಕೆ ಬರುತ್ತಾನೆ, ಅದರಲ್ಲಿ ಹುರುಳಿಲ್ಲ. ಅವನಿಗೆ ಹೊಳೆಯದಿರುವುದು ಬೇಕು. ಆಗಿನಿಂದ ಕಾಗದ ಹರವಿಕೊಂಡು ಕೂತಿದ್ದೆ, ಈಗ ಸಿಕ್ಕಿತು. ಕಾನೂನು ಪ್ರಕಾರ ನಮ್ಮಲ್ಲಿ ಪ್ರತಿ ತಲೆಗೂ ವರ್ಷಕ್ಕೊಂದು ದಿನ ಸ್ಲಾವದ ರಜೆ ಇದೆ. ಒಬ್ಬೊಬ್ಬರ ಸಂತ ಒಂದೊಂದು ದಿನ, ಇಡೀ ವರ್ಷ ಪಾಳಿಯಲ್ಲಿ ತೂತು ಬೀಳುತ್ತದೆ ಎಂದು ಹೋಲ್ಟ್ಸರ್ ಉದ್ಘಾಟನೆಯ ಊಟದಲ್ಲೇ ಗೊಣಗಿದ್ದ. ಐನೂರು ದಿನ! ಸ್ವಇಚ್ಛೆಯಿಂದ ಬಿಟ್ಟುಕೊಟ್ಟರೆ ಕಾನೂನು ಏನು ಮಾಡುತ್ತದೆ? ಮನೆಯಲ್ಲಿ ದೀಪ ಹಚ್ಚಿಟ್ಟು ಪಾಳಿಗೆ ಬಂದರಾಯಿತು, ಸಂತ ಕಾಯುತ್ತಾನೆ.

ಒಪ್ಪಿಗೆ ಪತ್ರವನ್ನು ಬರೆದು ಮುಗಿಸಿದ್ದೇನೆ. ಎಲಿತ್ಸಾಳ ಕೆಲಸ ನಾನೇ ಉಳಿಸಿಕೊಡುತ್ತೇನೆ, ಆಗ ಅವಳಿಗೆ ತಾನೇ ಅರ್ಥವಾಗುತ್ತದೆ. ಬೆಳಿಗ್ಗೆ ಹೋಲ್ಟ್ಸರ್‌ಗೆ ಮೊದಲ ಫೋನು ನನ್ನದಾಗಿರಬೇಕು, ಬ್ಲಗೋಯ ಹಾಸಿಗೆಯಿಂದ ಏಳುವ ಮೊದಲೇ.